ಹುಳ ತಿಂದದ್ದಲ್ಲ ಮಾರಾಯ್ರೆ!
ಊರ ಚರಿತ್ರೆ, ಭಾಗ 6 👇

ತಲೆಯಲ್ಲಿ ನಾಣ್ಯದಷ್ಟು ಜಾಗದ ಕೂದಲು ಏಕಾಏಕಿ ಉದುರಿದ್ದನ್ನು ನೋಡಿದ್ದೀರಾ? "ಹುಳ ತಿಂದಿದೆ, ಬೆಳ್ಳುಳ್ಳಿ ಉಜ್ಜು" ಅಂತಾರೆ ಅಲ್ವಾ?

ಹುಳ ಇಲ್ಲವೇ ಇಲ್ಲ. ಇದರ ಹೆಸರು ಅಲೋಪೇಶಿಯಾ ಏರಿಯೇಟಾ. ರೋಗದ ವಿರುದ್ಧ ಹೋರಾಡಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ಕೂದಲಿನ ಬುಡದ ಮೇಲೆ ದಾಳಿ ಮಾಡುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬುಡ ಸಾಯುವುದಿಲ್ಲ, ಹಾಗಾಗಿ ಎಷ್ಟೋ ಜನರಿಗೆ ಕೂದಲು ವಾಪಸ್ ಬರುತ್ತದೆ.

ಹೊಸ ಕಾಯಿಲೆಯೂ ಅಲ್ಲ. ಸುಶ್ರುತ ಸಂಹಿತೆಯಲ್ಲಿ ಕೂದಲು ಉದುರುವ ಇಂಥ ತೊಂದರೆಗೆ 'ಇಂದ್ರಲುಪ್ತ' ಅನ್ನುವ ಹೆಸರುಂಟು. ಸುಮಾರು 2000 ವರ್ಷದ ಹಿಂದೆ ರೋಮಿನ ಸೆಲ್ಸಸ್ ಕೂಡ ಇದರ ಬಗ್ಗೆ ಬರೆದಿದ್ದ. ತೀವ್ರವಾಗಿ ಇರುವವರಿಗೆ ಬ್ಯಾರಿಸಿಟಿನಿಬ್ ಮಾತ್ರೆಯನ್ನು ಅಮೆರಿಕ ಒಪ್ಪಿದ್ದು ಮಾತ್ರ 2022ರಲ್ಲಿ!

ಈಗ ನಮ್ಮೂರಿಗೆ ಬನ್ನಿ. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕೆಎಂಸಿ ಶುರು ಮಾಡಿದರು. 1961ರಲ್ಲಿ ಕಸ್ತೂರ್ಬಾ ಆಸ್ಪತ್ರೆ ಬಂತು. ಉಡುಪಿ ಜಿಲ್ಲೆ ಆದದ್ದೇ 1997ರಲ್ಲಿ. ಅಂದರೆ ಜಿಲ್ಲೆಗಿಂತ ಮೊದಲೇ ನಮಗೆ ದೊಡ್ಡಾಸ್ಪತ್ರೆ ಉಂಟು. ಕಡಿಯಾಳಿಯಲ್ಲಿ ಬಸ್ ಹತ್ತಿದರೆ ಸೀಟು ಬಿಸಿಯಾಗುವುದರೊಳಗೆ ಮಣಿಪಾಲ.

ಆದರೆ ಕಾರ್ಕಳದ ಒಳಹಳ್ಳಿಯಲ್ಲಿರುವ ನನ್ನ ದೊಡ್ಡಮ್ಮನ ಮಗಳಿಗೆ? ಎರಡು ಬಸ್, ಮನೆಯವರ ಒಂದು ದಿನದ ಕೂಲಿ. ಇಂಜೆಕ್ಷನ್ ಅಂದರೆ ನಾಲ್ಕಾರು ವಾರಕ್ಕೊಮ್ಮೆ ಹೋಗಬೇಕು. ಅದಕ್ಕಿಂತ ಮೊದಲೇ ಎರಡು ವರ್ಷ ಅವಳು ಹೊರಟೇ ಇರಲಿಲ್ಲ. ಯಾಕೆ ಗೊತ್ತಾ? ನಾಚಿಕೆ. ಶಾಲು ಸುತ್ತಿಕೊಂಡೇ ಓಡಾಡಿದಳು.

ಬಸ್ಸಿನ ವಿಷಯ ನಮ್ಮ ಕೈಲಿಲ್ಲ. ಇದು ಉಂಟು: ಕ್ಲಾಸಲ್ಲಿ ಯಾರದ್ದೂ ಕ್ಯಾಪ್ ಎಳೆಯಬೇಡಿ. "ಸ್ಕಿನ್ ಡಾಕ್ಟರ್ ಹತ್ರ ಹೋಗುವ, ನಾನೂ ಬರ್ತೇನೆ" ಅನ್ನಿ. 🤍

#ಊರಚರಿತ್ರೆ #ಕಡಿಯಾಳಿ #ಹುಳಅಲ್ಲ