ಮೂಲೆ ಮುಕ್ಕಾದ ಚೌಕ

ಮನೆಯಲ್ಲಿ ಮಕ್ಕಳು ವರ್ಗಸಮೀಕರಣದ ಸೂತ್ರವನ್ನು ಬಾಯಿಪಾಠ ಮಾಡುವುದನ್ನು ತಾವು ಕೇಳಿರಬಹುದು. ಅದು ಎಲ್ಲಿಂದ ಬಂತೆಂದು ಕೇಳಿದರೆ ಮಾತ್ರ ಮಕ್ಕಳೂ ಸುಮ್ಮನೆ, ನಾವೂ ಸುಮ್ಮನೆ. ಸೂತ್ರದ ಹಿಂದಿರುವುದು ಒಂದು ಚೌಕ. ಮೂಲೆ ಮುಕ್ಕಾದ ಚೌಕ.

ಕ್ರಿ.ಶ. 820ರ ಸುಮಾರಿಗೆ ಬಾಗ್ದಾದಿನ ಪಂಡಿತ ಅಲ್ ಖ್ವಾರಿಜ್ಮಿಯು ಒಂದು ಲೆಕ್ಕ ಬಿಡಿಸಿ ತೋರಿಸಿದನು: ಒಂದು ಸಂಖ್ಯೆಯ ವರ್ಗಕ್ಕೆ ಅದರ ಹತ್ತರಷ್ಟನ್ನು ಕೂಡಿಸಿದರೆ 39; ಸಂಖ್ಯೆ ಯಾವುದು? ತಾವೂ ಒಂದು ಕಾಗದ ತೆಗೆದುಕೊಳ್ಳಿ. ಆ ಸಂಖ್ಯೆಯೇ ಬಾಹುವಾಗುವಂತೆ ಚೌಕವೊಂದನ್ನು ಬರೆಯಿರಿ. ಹತ್ತರಷ್ಟನ್ನು ಸಮಪಾಲು ಮಾಡಿ, 5 ಅಗಲದ ಎರಡು ಪಟ್ಟಿಗಳಾಗಿ ಚೌಕದ ಎರಡು ಪಕ್ಕಗಳಿಗೆ ಸೇರಿಸಿ. ಮೂಲೆಯಲ್ಲಿ 5ಕ್ಕೆ 5ರ ಜಾಗ ಖಾಲಿ ಉಳಿಯಿತಲ್ಲವೆ? ಆ 25ನ್ನು ತುಂಬಿದರೆ ಒಟ್ಟು 64, ಬಾಹು 8. ಪಟ್ಟಿಯ 5ನ್ನು ಕಳೆದರೆ ಉತ್ತರ 3.

ನಮ್ಮ ಶ್ರೀಧರಾಚಾರ್ಯನು ಭಿನ್ನರಾಶಿಯ ತೊಡಕು ಬಾರದಂತೆ, ಮೊದಲು ಎರಡು ಪಕ್ಷಗಳನ್ನೂ ವರ್ಗದ ಗುಣಕದ ನಾಲ್ಕರಷ್ಟರಿಂದ ಗುಣಿಸಿ, ಬಳಿಕ ಅವ್ಯಕ್ತದ ಗುಣಕದ ವರ್ಗವನ್ನು ಕೂಡಿಸಲು ಹೇಳಿದನು. ಅವನ ಬೀಜಗಣಿತದ ಗ್ರಂಥ ಉಳಿಯಲಿಲ್ಲ. 1150ರ ಸುಮಾರಿಗೆ ಭಾಸ್ಕರಾಚಾರ್ಯನು ತನ್ನ 'ಬೀಜಗಣಿತ'ದಲ್ಲಿ ಎತ್ತಿ ಹೇಳಿದ್ದರಿಂದ ಆ ನಿಯಮ ನಮಗೆ ದಕ್ಕಿತು.

ಮೇಲಿನ ಲೆಕ್ಕಕ್ಕೆ −13 ಕೂಡ ಉತ್ತರವೇ: 169ರಲ್ಲಿ 130 ಕಳೆದರೆ 39. ಆದರೆ ಋಣ ಉದ್ದದ ಬಾಹುವಿಗೆ ಚೌಕದ ಚಿತ್ರದಲ್ಲಿ ಸ್ಥಳವೆಲ್ಲಿ? ಅಲ್ ಖ್ವಾರಿಜ್ಮಿ ಅದನ್ನು ಗಣಿಸಲಿಲ್ಲ. ಭಾಸ್ಕರನು ಧನರಾಶಿಗೆ ಎರಡು ವರ್ಗಮೂಲಗಳುಂಟೆಂದು ಬಲ್ಲವನು. ಅವನ ಕಪಿಗಳ ಲೆಕ್ಕ ಕೇಳಿ: ಹಿಂಡಿನ ಐದನೆಯ ಒಂದು ಪಾಲಿನಲ್ಲಿ 3 ಕಳೆದು ವರ್ಗ ಮಾಡಿದಷ್ಟು ಕಪಿಗಳು ಗುಹೆ ಸೇರಿದವು; ಒಂದು ಹೊರಗೆ ಕಂಡಿತು. 50, 5 ಎಂದು ಎರಡು ಉತ್ತರ. ಐದಾದರೆ ಒಂದರಲ್ಲಿ ಮೂರು ಕಳೆಯಬೇಕು; ಋಣ ಕಪಿಗಳನ್ನು ಲೋಕ ಒಪ್ಪದೆಂದು ಭಾಸ್ಕರನು 5ನ್ನು ಕೈಬಿಟ್ಟನು.

1637ರಲ್ಲಿ ಫ್ರಾನ್ಸಿನ ದೆಕಾರ್ತನ ಜ್ಯಾಮಿತಿ ಪ್ರಕಟವಾಗಿ, ಸಮೀಕರಣಕ್ಕೂ ವಕ್ರರೇಖೆಗೂ ನಂಟು ಬೆಳೆಯಿತು. ಅವ್ಯಕ್ತವನ್ನು 'ಅ' ಎಂದು ಕರೆದರೆ ನಮ್ಮ ಲೆಕ್ಕ (ಅ + 5)² − 64 ಎಂದಾಗುತ್ತದೆ. ಇದು ಸೊನ್ನೆಯಾಗುವ ಕಡೆ ಉತ್ತರ. ವರ್ಗವು ಸೊನ್ನೆಗಿಂತ ಇಳಿಯದು; ಆದುದರಿಂದ ಅ = −5 ಆದಾಗ ಬೆಲೆ ತೀರ ಕೆಳಗಿನದು, −64. ಅದೇ ಪರವಲಯದ ಶೃಂಗ. 3 ಮತ್ತು −13 ಅದರ ಎರಡು ಕಡೆಗೂ ಸರಿಯಾಗಿ 8ರ ದೂರದಲ್ಲಿವೆ. ಹಿಂದೆ ಲೆಕ್ಕಕ್ಕೆ ಬಾರದಿದ್ದ ಉತ್ತರ ಹೀಗೆ ಮತ್ತೊಂದರ ಜೋಡಿಯಾಗಿ ನಿಂತಿತು.

ಇಂದು ರಾತ್ರಿ ಮಕ್ಕಳು ಸೂತ್ರ ಒಪ್ಪಿಸುವಾಗ, ಮೊದಲು ಆ ಚೌಕವನ್ನು ಬರೆಯಿಸಿ ನೋಡಿ. ಖಾಲಿ ಮೂಲೆಯನ್ನು ಅವರೇ ತುಂಬಲಿ.