ಉಸಿರಿನಿಂದ ಗಡಿಯಾರಕ್ಕೆ: ಕಬಡ್ಡಿ ಕ್ರೀಡೆಯಾದ ಬಗೆ

ದೇಹಶ್ರಮ, ಪೈಪೋಟಿ, ಸೋಲು ಗೆಲುವುಗಳು ಮಕ್ಕಳ ಆಟದಲ್ಲೂ ಇರುತ್ತವೆ, ಒಲಿಂಪಿಕ್ ಕ್ರೀಡಾಂಗಣದಲ್ಲೂ ಇರುತ್ತವೆ. ಆದ್ದರಿಂದ ಆಟವನ್ನು ಕ್ರೀಡೆಯಿಂದ ಬೇರ್ಪಡಿಸುವ ಗೆರೆಯನ್ನು ಆಡುವವರ ಬೆವರಿನಲ್ಲಿ ಹುಡುಕಿ ಫಲವಿಲ್ಲ. ಅಮೆರಿಕದ ಇತಿಹಾಸಕಾರ ಅಲೆನ್ ಗುಟ್‌ಮನ್ 1978ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಅವಕಾಶದ ಸಮಾನತೆ, ಆಡಳಿತ ಸಂಸ್ಥೆ, ಅಳತೆ, ದಾಖಲೆ ಮೊದಲಾದವುಗಳನ್ನು ಆಧುನಿಕ ಕ್ರೀಡೆಯ ಲಕ್ಷಣಗಳೆಂದು ಗುರುತಿಸಿದರು. ಪಶ್ಚಿಮದ ಅನುಭವದಿಂದ ಹೊರಟ ಈ ಒರೆಗಲ್ಲಿಗೆ ಭಾರತದ ಮಣ್ಣಿನಲ್ಲಿ ಬೆಳೆದ ಕಬಡ್ಡಿಯನ್ನು ಹಚ್ಚಿ ನೋಡಿದರೆ, ಕ್ರೀಡೆಯಾಗುವ ಆಟವೊಂದು ಏನನ್ನು ಪಡೆಯುತ್ತದೆ ಎಂಬುದರ ಜೊತೆಗೆ ಏನನ್ನು ಬಿಟ್ಟುಕೊಡುತ್ತದೆ ಎಂಬುದೂ ಕಾಣುತ್ತದೆ.

ಕೊಯ್ಲು ಮುಗಿದ ಗದ್ದೆಯಲ್ಲೋ ಗುಡಿಯ ಮುಂದಿನ ಬಯಲಿನಲ್ಲೋ ಹಿಮ್ಮಡಿಯಿಂದ ಗೀರಿದ ಒಂದು ಗೆರೆಯೇ ಹಳ್ಳಿಯ ಕಬಡ್ಡಿಗೆ ಸಾಕಾಗಿತ್ತು. ಬಂದವರೆಷ್ಟೋ ಅಷ್ಟೇ ಆಟಗಾರರು, ಕತ್ತಲಾದಾಗಲೇ ಆಟದ ಕೊನೆ. ಮಹಾರಾಷ್ಟ್ರದಲ್ಲಿ ಹುತುತು, ಬಂಗಾಳದಲ್ಲಿ ಹಾಡುಡು, ತಮಿಳುನಾಡಿನಲ್ಲಿ ಸಡುಗುಡು ಎಂದು ಕರೆಸಿಕೊಂಡ ಈ ಆಟದ ತಿರುಳು ಎಲ್ಲೆಡೆ ಒಂದೇ ಆಗಿತ್ತು: ಒಬ್ಬ ಆಟಗಾರ ಒಂದೇ ಉಸಿರಿನಲ್ಲಿ ಒಂದು ಪದವನ್ನು ಬಿಡದೆ ಉಚ್ಚರಿಸುತ್ತ ಎದುರಾಳಿಗಳ ಪಾಳಯಕ್ಕೆ ನುಗ್ಗಬೇಕು, ಮುಟ್ಟಬಲ್ಲವರನ್ನು ಮುಟ್ಟಿ, ಹಿಡಿತಕ್ಕೆ ಸಿಗದೆ, ದಮ್ಮು ಮುಗಿಯುವ ಮೊದಲು ತನ್ನ ಕಡೆಗೆ ಮರಳಬೇಕು. ಆದರೆ ಔಟಾದವನ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ಎಲ್ಲೆಡೆ ಒಂದೇ ಆಗಿರಲಿಲ್ಲ. ಸಂಜೀವನಿ ಎಂಬ ಪ್ರಕಾರದಲ್ಲಿ ಎದುರಾಳಿಯೊಬ್ಬ ಔಟಾದರೆ ಹೊರಗೆ ಕುಳಿತವನೊಬ್ಬ ಮತ್ತೆ ಜೀವ ಪಡೆದು ಒಳಬರುತ್ತಿದ್ದ. ಗಾಮಿನಿಯಲ್ಲಿ ತಂಡವೇ ಪೂರ್ತಿ ಖಾಲಿಯಾಗುವವರೆಗೆ ಔಟಾದವನಿಗೆ ಮರುಪ್ರವೇಶವಿರಲಿಲ್ಲ. ಅಮರ್ ಎಂಬ ಮೂರನೆಯ ಬಗೆಯಲ್ಲಿ ಯಾರೂ ಹೊರಗೆ ಹೋಗದೆ ಎದುರು ತಂಡಕ್ಕೆ ಅಂಕವಷ್ಟೇ ಸಲ್ಲುತ್ತಿತ್ತು. ಒಂದೇ ಊರಿನವರು ಆಡುವವರೆಗೆ ಈ ಭಿನ್ನತೆ ಯಾರಿಗೂ ತೊಡಕಾಗಲಿಲ್ಲ. ಪರಸ್ಪರ ಪರಿಚಯವೇ ಇಲ್ಲದ ಎರಡು ಊರುಗಳ ತಂಡಗಳು ಎದುರುಬದುರಾದಾಗ ಮಾತ್ರ ಬರೆದಿಟ್ಟ ನಿಯಮ ಅನಿವಾರ್ಯವಾಯಿತು. ಆಟವು ಕ್ರೀಡೆಯಾಗುವ ಮೊದಲ ಮೆಟ್ಟಿಲನ್ನು ಇಲ್ಲಿಯೇ ಗುರುತಿಸಬೇಕು.

ಈ ಕೆಲಸ ಮಹಾರಾಷ್ಟ್ರದಲ್ಲಿ ಆರಂಭವಾಯಿತು. 1921ರಲ್ಲಿ ಸಂಜೀವನಿ ಮತ್ತು ಗಾಮಿನಿಗಳನ್ನು ಬೆರೆಸಿ ನಿಯಮಗಳನ್ನು ರೂಪಿಸಲಾಯಿತು. 1923ರಲ್ಲಿ ಅವುಗಳನ್ನು ತಿದ್ದಲಾಯಿತು, ಬರೋಡಾದಲ್ಲಿ ಅಖಿಲ ಭಾರತ ಮಟ್ಟದ ಪಂದ್ಯಾವಳಿಯೂ ನಡೆಯಿತು. 1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದ ತಂಡವು ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಕಬಡ್ಡಿಯನ್ನು ಪ್ರದರ್ಶಿಸಿತು. ಅದು ಪ್ರದರ್ಶನವಾಗಿತ್ತೇ ಹೊರತು ಸ್ಪರ್ಧೆಯಾಗಿರಲಿಲ್ಲ, ಎದುರು ನಿಂತು ಆಡುವ ಇನ್ನೊಂದು ದೇಶದ ತಂಡ ಅಲ್ಲಿರಲಿಲ್ಲ. 1950ರಲ್ಲಿ ಅಖಿಲ ಭಾರತ ಕಬಡ್ಡಿ ಒಕ್ಕೂಟ ಸ್ಥಾಪನೆಯಾಯಿತು. ಪುರುಷರ ರಾಷ್ಟ್ರೀಯ ಪಂದ್ಯಾವಳಿ 1952ರಲ್ಲಿ ಮದ್ರಾಸಿನಲ್ಲಿಯೂ ಮಹಿಳೆಯರದು 1955ರಲ್ಲಿ ಕಲ್ಕತ್ತೆಯಲ್ಲಿಯೂ ನಡೆದವು.

ಹಿಮ್ಮಡಿಯ ಗೆರೆಯಿದ್ದಲ್ಲಿ ಈಗ ಪುರುಷರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ ಬಂದಿದೆ. ಮಧ್ಯರೇಖೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಗೆರೆ ಇರುತ್ತದೆ. ಯಾರನ್ನೂ ಮುಟ್ಟದೆ ಮರಳುವ ದಾಳಿಗಾರ ಅದನ್ನಾದರೂ ದಾಟಿರಬೇಕು, ಇಲ್ಲವಾದರೆ ಔಟ್. ಅದರಾಚೆ 1 ಮೀಟರಿಗೆ ಬೋನಸ್ ಗೆರೆ. ಎದುರಿಗೆ ಆರು ಅಥವಾ ಏಳು ಮಂದಿ ಇರುವಾಗ ದಾಳಿಗಾರನ ಮುಂದಿನ ಪಾದ ಈ ಗೆರೆಯ ಆಚೆ ಊರಿದ ಕ್ಷಣದಲ್ಲಿ ಹಿಂದಿನ ಪಾದ ನೆಲದಿಂದ ಎದ್ದಿದ್ದರೆ ಮಾತ್ರ ಒಂದು ಅಂಕ ದೊರೆಯುತ್ತದೆ. ಕಣ್ಣೆವೆಯಿಕ್ಕದೆ ಆ ಹಿಂದಿನ ಪಾದವನ್ನೇ ನೋಡುವ ಅಂಪೈರ್ ಎರಡೂ ತಂಡಗಳಿಗೆ ಅಪರಿಚಿತನಾಗಿದ್ದರೂ ಆತನ ತೀರ್ಪು ನಡೆಯುತ್ತದೆ. ಊರ ಹಿರಿಯನ ಮಾತು ಆತನ ಹಿರಿತನದಿಂದ ನಡೆಯುತ್ತಿತ್ತು. ಅಂಪೈರನ ಮಾತು ಪುಸ್ತಕದ ಬಲದಿಂದ ನಡೆಯುತ್ತದೆ.

ಈ ಪರಿವರ್ತನೆಯಲ್ಲಿ ಅತ್ಯಂತ ದೊಡ್ಡ ತ್ಯಾಗ ಮಾಡಿದ್ದು ಉಸಿರು. ದಾಳಿ ಎಷ್ಟು ಹೊತ್ತು ಎಂಬುದನ್ನು ಹಿಂದೆ ದಾಳಿಗಾರನ ಶ್ವಾಸಕೋಶವೇ ನಿರ್ಧರಿಸುತ್ತಿತ್ತು, ಹಿಡಿದವರೂ ಆತನ ದಮ್ಮು ಕಡಿಯುವುದನ್ನೇ ಕಾಯುತ್ತಿದ್ದರು. ಆದರೆ ಸಾವಿರಾರು ಜನರ ಕೂಗಿನ ನಡುವೆ, ಆತ ಕಳ್ಳತನದಿಂದ ಉಸಿರೆಳೆದನೋ ಇಲ್ಲವೋ ಎಂದು ಯಾವ ಕಿವಿಯೂ ಖಚಿತವಾಗಿ ಹೇಳಲಾರದು. ಅಳೆಯಲಾಗದ್ದನ್ನು ಕ್ರೀಡೆ ಬಹುಕಾಲ ನೆಚ್ಚಿಕೊಂಡಿರಲಾರದು. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್‌ನಲ್ಲಿ ಪ್ರತಿ ದಾಳಿಗೆ 30 ಸೆಕೆಂಡುಗಳ ಮಿತಿ ಇದ್ದು, ಉಚ್ಚಾರಣೆ ನಿಯಮದಲ್ಲಿ ಉಳಿದಿದ್ದರೂ ಪಂದ್ಯವನ್ನು ನಡೆಸುವುದು ಗಡಿಯಾರವೇ. ಇದು ನಿಜವಾದ ನಷ್ಟ. ಪ್ರಾಣಾಯಾಮಕ್ಕೂ ಕುಸ್ತಿಗೂ ಒಂದೇ ಅಂಗಳದಲ್ಲಿ ಎಡೆ ಕೊಟ್ಟಿದ್ದ ಈ ಆಟದ ಅನನ್ಯತೆ ಅದರ ಉಸಿರಿನಲ್ಲಿಯೇ ಇತ್ತು. ಆದರೂ ಅದೇ ಅಳತೆಯ ಶಿಸ್ತು ತೂಕದ ಮಿತಿಯನ್ನು ತಂದು, ಕೇವಲ ಮೈಭಾರದಿಂದ ಎದುರಾಳಿಯನ್ನು ಅದುಮುವ ದಾರಿಯನ್ನು ಮುಚ್ಚಿತು. ಹಗುರ ಮೈಯ ಚುರುಕು ಆಟಗಾರರಿಗೆ ಸಿಕ್ಕ ಈ ನ್ಯಾಯವನ್ನು ಕಡೆಗಣಿಸಲಾಗದು.

ಲಿಖಿತ ನಿಯಮವಿದ್ದುದರಿಂದಲೇ ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ ಮತ್ತು ಬೆಂಗಳೂರಿನ ತೇಜಸ್ವಿನಿ ಬಾಯಿ 2010ರ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ, ಮಹಿಳಾ ಕಬಡ್ಡಿ ಅಲ್ಲಿ ಮೊದಲ ಬಾರಿಗೆ ಸೇರ್ಪಡೆಯಾದಾಗ, ಭಾರತದ ಚಿನ್ನದ ತಂಡದಲ್ಲಿ ಆಡಲು ಸಾಧ್ಯವಾಯಿತು. ಪುರುಷರ ಕಬಡ್ಡಿ 1990ರಲ್ಲಿ ಬೀಜಿಂಗ್‌ನಲ್ಲಿ ಪದಕದ ಸ್ಪರ್ಧೆಯಾದಂದಿನಿಂದ 2014ರವರೆಗೆ ಏಳೂ ಚಿನ್ನ ಭಾರತಕ್ಕೆ ಬಂದವು. 2018ರಲ್ಲಿ ಜಕಾರ್ತಾದಲ್ಲಿ ಭಾರತದ ಪುರುಷರು ಸೆಮಿಫೈನಲ್‌ನಲ್ಲಿ, ಮಹಿಳೆಯರು ಫೈನಲ್‌ನಲ್ಲಿ ಇರಾನ್‌ಗೆ ಸೋತರು. ಇರಾನ್ ಮಹಿಳೆಯರ ತರಬೇತುದಾರರಾಗಿದ್ದವರು ಮಹಾರಾಷ್ಟ್ರದ ನಾಸಿಕದ ಶೈಲಜಾ ಜೈನ್. ಭಾರತೀಯರಿಗೆ ಆ ಸೋಲು ನೋವು ತಂದಿತು. ಕಬಡ್ಡಿಯ ಇತಿಹಾಸದಲ್ಲಿ ಮಾತ್ರ ಅದಕ್ಕೆ ಗೌರವದ ಸ್ಥಾನವಿದೆ, ಬರ್ಲಿನ್‌ನಲ್ಲಿ ಇಲ್ಲದಿದ್ದ ಎದುರಾಳಿ ಅಲ್ಲಿ ಸಿಕ್ಕಿದ್ದ.

ಆದರೆ ಬರೆದಿಟ್ಟ ನಿಯಮವೂ ಎಲ್ಲ ವಾದಗಳನ್ನು ಮುಗಿಸುವುದಿಲ್ಲ. 2023ರ ಹಾಂಗ್‌ಜೌ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಅದೇ ಎರಡು ದೇಶಗಳ ಪುರುಷರ ಅಂಕಗಳು 28-28ರಲ್ಲಿ ಸಮವಾಗಿದ್ದಾಗ, ಭಾರತದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಅಂಕಣದ ಅಂಚಿನ ಪಟ್ಟಿಯಾದ ಲಾಬಿಗೆ ಕಾಲಿಟ್ಟರು, ಅವರ ಬೆನ್ನಿಗೆ ಇರಾನಿನ ಆಟಗಾರರೂ ನುಗ್ಗಿದರು. ಹಳೆಯ ನಿಯಮದಂತೆ ಲಾಬಿಗಿಳಿದ ಎಲ್ಲರೂ ಔಟ್, ಹೊಸದರಂತೆ ದಾಳಿಗಾರ ಮಾತ್ರ ಔಟ್. ಯಾವುದು ಊರ್ಜಿತ ಎಂಬ ವಾದದಲ್ಲಿ ಸುಮಾರು ಒಂದು ಗಂಟೆ ಆಟ ನಿಂತು, ಕೊನೆಗೆ ಭಾರತ 33-29ರಿಂದ ಗೆದ್ದಿತು.