ಅಮೆರಿಕದ ಅಧ್ಯಕ್ಷ ಪದವಿ

ಅಮೆರಿಕ ಸಂಯುಕ್ತ ಸಂಸ್ಥಾನದ ರಾಷ್ಟ್ರ ಮುಖ್ಯಸ್ಥ, ಸರ್ಕಾರದ ಮುಖ್ಯಸ್ಥ ಮತ್ತು ಸೇನೆಯ ಮಹಾದಂಡನಾಯಕ ಈ ಮೂರೂ ಸ್ಥಾನಗಳು ಒಬ್ಬರಲ್ಲೇ ಕೂಡಿರುವ ಹುದ್ದೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ರೂಪುಗೊಂಡ ಸಂವಿಧಾನದ ಎರಡನೆಯ ವಿಧಿ ಇದಕ್ಕೆ ಆಧಾರ. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರ ಏಪ್ರಿಲ್ 30ರಂದು ನ್ಯೂಯಾರ್ಕಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಭಾರತದ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು, ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಮಂತ್ರಿಗಳ ಮಾತನ್ನು ಅಧ್ಯಕ್ಷರು ಕೇಳಬಹುದು, ಬಿಡಬಹುದು, ಬೇಡವೆನಿಸಿದ ಮಂತ್ರಿಯನ್ನು ಮನೆಗೆ ಕಳಿಸಲೂಬಹುದು. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತ ಅಂಬೇಡ್ಕರ್ ಅವರು ಈ ಅಂತರವನ್ನೇ ಎತ್ತಿ ಹೇಳಿ, ನಮ್ಮ ರಾಷ್ಟ್ರಪತಿಯ ಸ್ಥಾನವನ್ನು ಇಂಗ್ಲೆಂಡಿನ ದೊರೆಯ ಸ್ಥಾನಕ್ಕೆ ಹೋಲಿಸಿದ್ದರು.

ಸಂವಿಧಾನದ ಬರಹವನ್ನಷ್ಟೇ ಓದಿದವರಿಗೆ ಈ ಹುದ್ದೆ ಅಷ್ಟೇನೂ ದೊಡ್ಡದಾಗಿ ಕಾಣದು. ಸೇನೆಯ ನಾಯಕತ್ವ, ಕ್ಷಮಾದಾನ, ಸೆನೆಟ್ಟಿನ ಒಪ್ಪಿಗೆ ಪಡೆದು ಒಪ್ಪಂದ ಮತ್ತು ನೇಮಕ ಮಾಡುವುದು, ಮಸೂದೆಗಳನ್ನು ತಡೆಯುವ ವೀಟೊ, ಕಾನೂನುಗಳು ನಿಷ್ಠೆಯಿಂದ ಜಾರಿಯಾಗುವಂತೆ ನೋಡಿಕೊಳ್ಳುವ ಹೊಣೆ: ಪಟ್ಟಿ ಹೆಚ್ಚುಕಡಿಮೆ ಇಲ್ಲಿಗೆ ಮುಗಿಯುತ್ತದೆ. ತೆರಿಗೆ, ವೆಚ್ಚ, ವಿದೇಶಿ ವ್ಯಾಪಾರದ ನಿಯಂತ್ರಣ, ಕೊನೆಗೆ ಯುದ್ಧ ಘೋಷಣೆ ಕೂಡ ಶಾಸಕಾಂಗವಾದ ಕಾಂಗ್ರೆಸ್ಸಿನ ಪಾಲಿಗೆ ಬಂದಿವೆ. ಬ್ರಿಟಿಷ್ ದೊರೆಯ ವಿರುದ್ಧ ಹೋರಾಡಿ ಗೆದ್ದವರು ಇನ್ನೊಬ್ಬ ದೊರೆಯನ್ನು ಕೂರಿಸಿಕೊಳ್ಳಲು ತಯಾರಿರಲಿಲ್ಲ. ಆದರೂ ಇಂದು ಜಗತ್ತು ಗಮನಿಸುವುದು ಶ್ವೇತಭವನವನ್ನೇ. ಈ ಬದಲಾವಣೆಗೆ ಅಧ್ಯಕ್ಷರು ಕಸಿದುಕೊಂಡದ್ದು ಎಷ್ಟು ಕಾರಣವೋ, ಕಾಂಗ್ರೆಸ್ ತಾನಾಗಿ ಬಿಟ್ಟುಕೊಟ್ಟದ್ದು ಅದಕ್ಕಿಂತ ಹೆಚ್ಚು ಕಾರಣ.

ಅಧ್ಯಕ್ಷರಾಗಲು ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, ದೇಶದಲ್ಲಿ 14 ವರ್ಷ ವಾಸವಾಗಿರಬೇಕು. ಅವಧಿ ನಾಲ್ಕು ವರ್ಷ. ಆಯ್ಕೆ ನೇರವಲ್ಲ; ರಾಜ್ಯವಾರು ಹಂಚಿಕೆಯಾದ 538 ಎಲೆಕ್ಟೊರಲ್ ಮತಗಳಲ್ಲಿ 270 ಪಡೆದವರು ಗೆಲ್ಲುತ್ತಾರೆ. ಹೀಗಾಗಿಯೇ 2000ದಲ್ಲಿ ಜಾರ್ಜ್ ಡಬ್ಲ್ಯು. ಬುಷ್, 2016ರಲ್ಲಿ ಡೊನಾಲ್ಡ್ ಟ್ರಂಪ್ ಎದುರಾಳಿಗಿಂತ ಕಡಿಮೆ ಜನಮತ ಪಡೆದೂ ಅಧ್ಯಕ್ಷರಾದರು.

ಬರಹಕ್ಕೂ ಬಳಕೆಗೂ ಇರುವ ಅಂತರ ಎದ್ದು ಕಾಣುವುದು ಯುದ್ಧದ ವಿಷಯದಲ್ಲಿ. ಅಮೆರಿಕ ಕೊನೆಯ ಬಾರಿ ವಿಧಿವತ್ತಾಗಿ ಯುದ್ಧ ಘೋಷಿಸಿದ್ದು 1942ರ ಜೂನ್‌ನಲ್ಲಿ. ಆಮೇಲಿನ ಕೊರಿಯಾ, ವಿಯೆಟ್ನಾಂ, ಅಫ್ಘಾನಿಸ್ತಾನ, ಇರಾಕ್ ಯಾವುದಕ್ಕೂ ಘೋಷಣೆಯಿಲ್ಲ. 1950ರಲ್ಲಿ ಹ್ಯಾರಿ ಟ್ರೂಮನ್ ಕಾಂಗ್ರೆಸ್ಸನ್ನು ಕೇಳದೆಯೇ ಕೊರಿಯಾಕ್ಕೆ ಸೈನ್ಯ ಕಳಿಸಿದರು. ವಿಯೆಟ್ನಾಂ ಯುದ್ಧಕ್ಕೆ 1964ರ ಟಾಂಕಿನ್ ಕೊಲ್ಲಿ ನಿರ್ಣಯವೇ ಸಾಕಾಯಿತು. ಆ ಯುದ್ಧದಿಂದ ಬೇಸತ್ತ ಕಾಂಗ್ರೆಸ್ 1973ರಲ್ಲಿ ರಿಚರ್ಡ್ ನಿಕ್ಸನ್ ಅವರ ವೀಟೊವನ್ನು ಮೀರಿ ಯುದ್ಧಾಧಿಕಾರ ನಿರ್ಣಯವನ್ನು ಅಂಗೀಕರಿಸಿತು. ಅದರ ಪ್ರಕಾರ ಸೇನೆಯನ್ನು ಕಾಳಗಕ್ಕಿಳಿಸಿದ 48 ಗಂಟೆಗಳೊಳಗೆ ವರದಿ ಕೊಡಬೇಕು. ಕಾಂಗ್ರೆಸ್ ಅನುಮತಿ ನೀಡದಿದ್ದರೆ 60 ದಿನಗಳಲ್ಲಿ ಕಾರ್ಯಾಚರಣೆ ನಿಲ್ಲಬೇಕು, ವಾಪಸಾತಿಗೆ ಇನ್ನು 30 ದಿನ ಸಿಗಬಹುದು. 2011ರಲ್ಲಿ ಲಿಬಿಯಾದ ಮೇಲಿನ ದಾಳಿ 60 ದಿನ ದಾಟಿದಾಗ, ಇದು ನಿರ್ಣಯ ಹೇಳುವಂಥ ಕಾಳಗವೇ ಅಲ್ಲ ಎಂದು ಬರಾಕ್ ಒಬಾಮಾ ಆಡಳಿತ ವಾದಿಸಿ ಮುಂದುವರಿಯಿತು. ವಾದ ದುರ್ಬಲವಾಗಿತ್ತು, ಆದರೆ ತಡೆಯುವವರು ಇರಲಿಲ್ಲ.

ದೇಶದೊಳಗೆ ಅಧ್ಯಕ್ಷರ ಮುಖ್ಯ ಸಾಧನ ಕಾರ್ಯಾದೇಶ. ಇದಕ್ಕೆ ಶಾಸಕಾಂಗದ ಮತ ಬೇಕಿಲ್ಲ, ಆದರೆ ಸಂವಿಧಾನದಲ್ಲೋ ಚಾಲ್ತಿಯಲ್ಲಿರುವ ಕಾನೂನಿನಲ್ಲೋ ಬೇರು ಇರಲೇಬೇಕು. ಜಪಾನಿ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಿಗೆ ತಳ್ಳಿದ 1942ರ ಆದೇಶ ಇಂಥದ್ದೇ. ಸೇನೆಯಲ್ಲಿ ವರ್ಣಭೇದವನ್ನು ಕೊನೆಗಾಣಿಸಲು ಹೊರಟ 1948ರ ಆದೇಶವೂ ಇಂಥದ್ದೇ. 1952ರ ವಲಸೆ ಕಾಯ್ದೆಯ ಒಂದು ಕಲಮು, ದೇಶದ ಹಿತಕ್ಕೆ ಮಾರಕವೆಂದು ಕಂಡ ವಿದೇಶೀಯರ ಪ್ರವೇಶವನ್ನು ತಡೆಯುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಹಳ ವಿಶಾಲವಾಗಿ ಅರ್ಥೈಸಿತು. ಅದೇ ಕಲಮಿನ ಬಲದ ಮೇಲೆ 2025ರ ಸೆಪ್ಟೆಂಬರ್ 19ರಂದು ಟ್ರಂಪ್, ದೇಶದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಎಚ್-1ಬಿ ವೀಸಾ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ವಿಧಿಸಿದರು. ಬೆಂಗಳೂರಿನ ಐಟಿ ಕಂಪನಿಗಳು ರಾತ್ರೋರಾತ್ರಿ ಲೆಕ್ಕ ಹಾಕಬೇಕಾಗಿ ಬಂದ ಈ ಶುಲ್ಕದ ಮೇಲೆ ಕಾಂಗ್ರೆಸ್ಸಿನಲ್ಲಿ ಮತದಾನವೇ ನಡೆದಿರಲಿಲ್ಲ.

ಆದೇಶಕ್ಕೆ ಬೇರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ 1952ರ ಉಕ್ಕಿನ ಕಾರ್ಖಾನೆಗಳ ಪ್ರಕರಣ ಮಾದರಿ. ಕೊರಿಯಾ ಯುದ್ಧದ ನಡುವೆ ಮುಷ್ಕರ ಸನ್ನಿಹಿತವಾದಾಗ ಟ್ರೂಮನ್ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳಲು ಆಜ್ಞಾಪಿಸಿದರು. ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ಅದನ್ನು ರದ್ದುಪಡಿಸಿತು. ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದ ಪ್ರತ್ಯೇಕ ಅಭಿಪ್ರಾಯವನ್ನು ಅಧ್ಯಕ್ಷಾಧಿಕಾರದ ಪ್ರಕರಣಗಳಲ್ಲಿ ವಕೀಲರು ಇಂದಿಗೂ ಉಲ್ಲೇಖಿಸುತ್ತಾರೆ: ಕಾಂಗ್ರೆಸ್ ಜೊತೆಗಿದ್ದಾಗ ಅಧ್ಯಕ್ಷರ ಅಧಿಕಾರ ತುತ್ತತುದಿಯಲ್ಲಿರುತ್ತದೆ, ಕಾಂಗ್ರೆಸ್ ಮೌನವಾಗಿದ್ದಾಗ ಮಬ್ಬಿನಲ್ಲಿರುತ್ತದೆ, ಕಾಂಗ್ರೆಸ್ಸಿನ ಇಚ್ಛೆಗೆ ವಿರುದ್ಧ ನಡೆದಾಗ ತಳ ಕಾಣುತ್ತದೆ ಎಂಬುದು ಅದರ ಸಾರ. ಟ್ರೂಮನ್ ತೀರ್ಪಿಗೆ ತಲೆಬಾಗಿದರು. ಮುಷ್ಕರ ಏಳು ವಾರಕ್ಕೂ ಹೆಚ್ಚು ನಡೆಯಿತು.

ಕೊಟ್ಟ ಅಧಿಕಾರವನ್ನು ಹಿಂಪಡೆಯುವುದು ಕಾಂಗ್ರೆಸ್ಸಿಗೆ ಏಕೆ ಕಷ್ಟವೆಂಬುದಕ್ಕೆ ಇನ್ನೊಂದು ತೀರ್ಪನ್ನು ನೋಡಬೇಕು. 1976ರ ತುರ್ತು ಪರಿಸ್ಥಿತಿ ಕಾಯ್ದೆಯಡಿ ಅಧ್ಯಕ್ಷರು ತುರ್ತು ಪರಿಸ್ಥಿತಿ ಘೋಷಿಸಬಹುದಿತ್ತು, ಎರಡೂ ಸದನಗಳು ಸರಳ ಬಹುಮತದಿಂದಲೇ ಅದನ್ನು ಕೊನೆಗೊಳಿಸಬಹುದಿತ್ತು. ಕೆನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದ ಚಡ್ಢಾ ಎಂಬುವರ ಗಡಿಪಾರಿಗೆ ಸಂಬಂಧಿಸಿದ 1983ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಧ್ಯಕ್ಷರ ಮುಂದಿಡದೆ ಶಾಸಕಾಂಗ ಹೀಗೆ ತಡೆಯೊಡ್ಡುವುದು ಸಂವಿಧಾನಬಾಹಿರವೆಂದಿತು. ಅಂದಿನಿಂದ ತುರ್ತು ಪರಿಸ್ಥಿತಿಯನ್ನು ಕೊನೆಗೊಳಿಸುವ ನಿರ್ಣಯವೂ ಅಧ್ಯಕ್ಷರ ಸಹಿಗೆ ಹೋಗಬೇಕು. 2019ರಲ್ಲಿ ನಡೆದದ್ದು ಅದೇ. ಮೆಕ್ಸಿಕೊ ಗಡಿಯ ಗೋಡೆಗೆ ಕಾಂಗ್ರೆಸ್ ಕೇಳಿದಷ್ಟು ಹಣ ಕೊಡದಿದ್ದಾಗ ಟ್ರಂಪ್ ತುರ್ತು ಪರಿಸ್ಥಿತಿ ಘೋಷಿಸಿದರು. ಎರಡೂ ಸದನಗಳು ಅದನ್ನು ರದ್ದು ಮಾಡಲು ಮತ ಹಾಕಿದವು. ಟ್ರಂಪ್ ವೀಟೊ ಚಲಾಯಿಸಿದರು. ಅದನ್ನು ಮೀರಲು ಬೇಕಾದ ಮೂರನೇ ಎರಡರಷ್ಟು ಮತ ಸಿಗಲಿಲ್ಲ. ಅಧಿಕಾರ ಕೊಡಲು ಸರಳ ಬಹುಮತ ಸಾಕು, ಮರಳಿ ಪಡೆಯಲು ಮೂರನೇ ಎರಡರಷ್ಟು ಬೇಕು. ವೀಟೊ ಎಷ್ಟು ಗಟ್ಟಿಯೆಂಬುದಕ್ಕೆ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಲೆಕ್ಕವಿದೆ: 635 ವೀಟೊಗಳು, ಅವುಗಳಲ್ಲಿ ಮೀರಲಾದದ್ದು 9.

ಹಾಗೆಂದು ಕಾಂಗ್ರೆಸ್ ಕೈ ಕಟ್ಟಿ ಕುಳಿತಿದೆ ಎಂದಲ್ಲ. ಅದು ಮೊದಲೇ ಬಿಗಿಯಾಗಿ ಬರೆದಿಟ್ಟ ಕಾನೂನು ಅಧ್ಯಕ್ಷರನ್ನು ಕಟ್ಟಿಹಾಕಬಲ್ಲದು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆಯ ಬೆನ್ನಿಗೇ ಬಿಲ್ ಕ್ಲಿಂಟನ್ ಭಾರತದ ಮೇಲೆ ಹೇರಿದ ನಿರ್ಬಂಧಗಳು ಇಂಥ ಕಾನೂನು ಕಡ್ಡಾಯಪಡಿಸಿದವೇ ಆಗಿದ್ದವು. ಭಾರತದೊಂದಿಗಿನ ನಾಗರಿಕ ಪರಮಾಣು ಒಪ್ಪಂದಕ್ಕೂ ಬುಷ್ ಅವರ ಉತ್ಸಾಹವೊಂದೇ ಸಾಲಲಿಲ್ಲ. ಕಾಂಗ್ರೆಸ್ 2006ರಲ್ಲಿ ಒಮ್ಮೆ, 2008ರಲ್ಲಿ ಮತ್ತೊಮ್ಮೆ ಕಾನೂನು ಮಾಡಬೇಕಾಯಿತು. ವುಡ್ರೊ ವಿಲ್ಸನ್ ಸ್ವತಃ ಕುಳಿತು ರೂಪಿಸಿದ ವರ್ಸೇಲ್ಸ್ ಒಪ್ಪಂದವನ್ನು ಸೆನೆಟ್ ತಿರಸ್ಕರಿಸಿದ್ದರಿಂದ ಅಮೆರಿಕ ರಾಷ್ಟ್ರಸಂಘವನ್ನು ಸೇರಲೇ ಇಲ್ಲ. ಸುಪ್ರೀಂ ಕೋರ್ಟಿಗೆ ಒಬಾಮಾ 2016ರಲ್ಲಿ ಸೂಚಿಸಿದ ಹೆಸರನ್ನು ಸೆನೆಟ್ ವಿಚಾರಣೆಗೇ ಎತ್ತಿಕೊಳ್ಳಲಿಲ್ಲ.

ಕ್ಷಮಾದಾನದ ಅಧಿಕಾರಕ್ಕೆ ಮಾತ್ರ ತಡೆ ಕಡಿಮೆ. ಅದು ರಾಜ್ಯಗಳ ಅಪರಾಧಗಳಿಗೂ ವಾಗ್ದಂಡನೆಗೂ ಅನ್ವಯಿಸುವುದಿಲ್ಲ, ಅಷ್ಟೆ. ವಾಟರ್‌ಗೇಟ್ ಹಗರಣದಲ್ಲಿ ಧ್ವನಿಮುದ್ರಿಕೆಗಳನ್ನು ಒಪ್ಪಿಸಬೇಕೆಂದು ಸುಪ್ರೀಂ ಕೋರ್ಟ್ 8-0 ತೀರ್ಪು ಕೊಟ್ಟ ಮೇಲೆ 1974ರ ಆಗಸ್ಟ್ 9ರಂದು ನಿಕ್ಸನ್ ರಾಜೀನಾಮೆ ಇತ್ತರು. ಒಂದು ತಿಂಗಳಾಗುವ ಮೊದಲೇ ಉತ್ತರಾಧಿಕಾರಿ ಜೆರಾಲ್ಡ್ ಫೋರ್ಡ್ ಅವರನ್ನು ಸಂಪೂರ್ಣ ಕ್ಷಮಿಸಿದರು.

ಅಧ್ಯಕ್ಷರನ್ನು ಪದಚ್ಯುತಗೊಳಿಸುವ ದಾರಿ ವಾಗ್ದಂಡನೆ. ಪ್ರತಿನಿಧಿ ಸಭೆ ಸರಳ ಬಹುಮತದಿಂದ ಆರೋಪ ಹೊರಿಸುತ್ತದೆ, ಸೆನೆಟ್ ಮೂರನೇ ಎರಡರಷ್ಟು ಮತದಿಂದ ಶಿಕ್ಷಿಸಬೇಕು. ಆಂಡ್ರ್ಯೂ ಜಾನ್ಸನ್ (1868), ಕ್ಲಿಂಟನ್ (1998), ಟ್ರಂಪ್ (2019 ಮತ್ತು 2021) ಆರೋಪ ಎದುರಿಸಿದರು, ಯಾರೂ ತಪ್ಪಿತಸ್ಥರೆನಿಸಲಿಲ್ಲ. ಜಾನ್ಸನ್ ಉಳಿದದ್ದು ಒಂದೇ ಮತದಿಂದ. ಪಕ್ಷನಿಷ್ಠೆ ಬಿಗಿಯಾದ ಈ ಕಾಲದಲ್ಲಿ ಸೆನೆಟ್ಟಿನ 67 ಮತ ಒಟ್ಟಾಗುವುದು ಬಹುತೇಕ ಅಸಾಧ್ಯ. 2024ರ ಜುಲೈ 1ರಂದು ಸುಪ್ರೀಂ ಕೋರ್ಟ್, ಸಂವಿಧಾನ ನೇರವಾಗಿ ಕೊಟ್ಟ ಮೂಲ ಅಧಿಕಾರಗಳ ಬಳಕೆಗೆ ಮಾಜಿ ಅಧ್ಯಕ್ಷರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ, ಉಳಿದ ಅಧಿಕೃತ ಕೃತ್ಯಗಳಿಗೂ ರಕ್ಷಣೆಯಿದೆಯೆಂದೇ ಭಾವಿಸಬೇಕು, ಖಾಸಗಿ ಕೃತ್ಯಗಳಿಗೆ ಮಾತ್ರ ರಕ್ಷಣೆಯಿಲ್ಲ ಎಂದು ತೀರ್ಪಿತ್ತು ಇನ್ನೊಂದು ಕಡಿವಾಣವನ್ನೂ ಸಡಿಲಿಸಿತು.

ಈ ಎಲ್ಲ ಮಿತಿಗಳೂ ಯಾರಾದರೂ ಎದ್ದು ನಿಂತು ಚಲಾಯಿಸಿದರೆ ಮಾತ್ರ ಕೆಲಸ ಮಾಡುತ್ತವೆ. ಅವಧಿಯ ಮಿತಿ ಬೇರೆ ಬಗೆಯದು. ಎರಡು ಅವಧಿ ಸಾಕೆಂದು ವಾಷಿಂಗ್ಟನ್ ಹಾಕಿಕೊಟ್ಟ ರೂಢಿಯನ್ನು ರೂಸ್‌ವೆಲ್ಟ್ ನಾಲ್ಕು ಬಾರಿ ಗೆದ್ದು ಮುರಿದ ಮೇಲೆ, 1951ರಲ್ಲಿ ಜಾರಿಗೆ ಬಂದ 22ನೇ ತಿದ್ದುಪಡಿ ಯಾರೂ ಎರಡಕ್ಕಿಂತ ಹೆಚ್ಚು ಬಾರಿ ಅಧ್ಯಕ್ಷರಾಗಿ ಚುನಾಯಿತರಾಗುವಂತಿಲ್ಲವೆಂದು ಬರೆದಿಟ್ಟಿತು. 1933ರ 20ನೇ ತಿದ್ದುಪಡಿಯಂತೆ ಅವಧಿ ಜನವರಿ 20ರ ಮಧ್ಯಾಹ್ನ 12ಕ್ಕೆ ಮುಗಿಯುತ್ತದೆ. ಹೊಸ ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರ ಆಯ್ಕೆಯೂ ಅಷ್ಟರೊಳಗೆ ತೀರ್ಮಾನವಾಗದಿದ್ದರೆ, 1947ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಆಡಳಿತ ಪ್ರತಿನಿಧಿ ಸಭೆಯ ಸ್ಪೀಕರ್ ಕೈಗೆ ಹೋಗುತ್ತದೆ.